ಗ್ರಾಂಟ್ ರೋಡಿನ ಸೂಟಿನವನು

ಮೊದಲೇ ಸ್ಪಷ್ಟಪಡಿಸುತ್ತೇನೆ: ನಾನು ಅನುಮಾನದ ಮನುಷ್ಯನಲ್ಲ. ಹೊರಗೆ ಹೋಗುವಾಗ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ, ನಿಜ. ಎರಡು ಮಾಳಿಗೆ ಇಳಿದವನು ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ, ಅದೂ ನಿಜ. ಅದಕ್ಕೆ ಶಿಸ್ತು ಎನ್ನುತ್ತಾರೆ. ಧಾರವಾಡ ಬಿಟ್ಟು ಮುಂಬಯಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಚೆಂಬೂರಿನ ಇದೇ ಕಾಲನಿಯ ಇದೇ ಮೂರನೇ ಮಾಳಿಗೆಯಲ್ಲಿದ್ದೇನೆ. ನನ್ನ ಹೆಂಡತಿ ಸುಮಿತ್ರಾ ಎಲ್ಲಿಗೆ ಹೋದಳು, ಯಾಕೆ ಹೋದಳು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವನಲ್ಲ. ಫೋನು ಬರುವವರೆಗೆ.

ಫೋನು ಕೊಡಿಸಿದವಳು ಮಗಳು ಅನಘಾ. ಅವಳ ಮೊದಲ ಸಂಬಳದ ಕಾಣಿಕೆ. ಹಿಂದುಗಡೆ ಮೂರು ಕಣ್ಣಿನ ಕ್ಯಾಮೆರಾ. ಮೂರು ಕಣ್ಣು ಇದ್ದವನು ಸುಮ್ಮನೆ ಕೂತರೆ ಹೇಗೆ? ನಾನು ಕೆಲಸ ಶುರುಮಾಡಿದೆ. ಬೆಳಗಿನ ಹಾಲಿನ ಪಾಕೀಟು, ಕಿಟಕಿಯ ಕಾಗೆ, ಕುರ್ಲಾ ಸ್ಟೇಷನ್ನಿನ ಸೂರ್ಯೋದಯ, ಆಫೀಸಿನ ಕ್ಯಾಂಟೀನಿನ ಚಹಾದ ಮೇಲಿನ ಕೆನೆ, ಹೀಗೆ ಜಗತ್ತಿನಲ್ಲಿ ಯಾರೂ ಗಮನಿಸದ ಸಂಗತಿಗಳನ್ನೆಲ್ಲ ಸೆರೆಹಿಡಿದು ಸಂಬಂಧಿಕರ ಗ್ರೂಪಿಗೆ ಕಳಿಸತೊಡಗಿದೆ. ಮೊದಮೊದಲು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆಮೇಲೆ ಕೈಮುಗಿದ ಚಿತ್ರ ಕಳಿಸತೊಡಗಿದರು. ನಾನು ಅದನ್ನು ಗೌರವ ಎಂದೇ ತಿಳಿದೆ.

ಊಟದ ತಟ್ಟೆಯಂತೂ ಫೋಟೋ ಆಗದೆ ಬಾಯಿಗೆ ಹೋಗುವಂತಿರಲಿಲ್ಲ. ಸುಮಿತ್ರಾ ರೊಟ್ಟಿ ಬಡಿದು ತಂದಿಟ್ಟರೆ, ನಾನು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಪಲ್ಯದ ಪಕ್ಕ ಉಳ್ಳಾಗಡ್ಡಿ ಹೋಳು ಓರಣವಾಗಿಟ್ಟು, ಕುರ್ಚಿ ಹತ್ತಿ ಮೇಲಿಂದ ತೆಗೆಯುತ್ತಿದ್ದೆ.

“ತಿನ್ರೀ ಮೊದ್ಲ. ಆರಿ ಹೋಗ್ಲಿಕತ್ತದ,” ಎನ್ನುತ್ತಿದ್ದಳು.

“ಒಂದ ನಿಮಿಷ. ನೀ ಕೈ ಹಾಕಬ್ಯಾಡ.”

ಅಲಿಬಾಗಿಗೆ ಹೋದಾಗ ಅಲೆ ಸರಿಯಾಗಿ ಬರಲಿಲ್ಲವೆಂದು ಅವಳನ್ನು ಐದು ಸಲ ಸಮುದ್ರಕ್ಕೆ ಇಳಿಸಿದ್ದೆ. ಐದನೆಯ ಸಲ ಅಲೆ ಅದ್ಭುತವಾಗಿ ಬಂತು. ಅವಳ ಒಂದು ಚಪ್ಪಲಿ ಹೋಯಿತು. ಫೋಟೋದಲ್ಲಿ ಚಪ್ಪಲಿ ಬಹಳ ಸೊಗಸಾಗಿ ಬಂದಿದೆ!

ಈಗ ಘಟನೆಗೆ ಬರುತ್ತೇನೆ. ನಾನು ಬಣ್ಣದ ಕಂಪನಿಯೊಂದರ ರವಾನೆ ವಿಭಾಗದಲ್ಲಿದ್ದೇನೆ. ಮೇ ತಿಂಗಳ ಒಂದು ಗುರುವಾರ ಮಧ್ಯಾಹ್ನ ಗ್ರಾಂಟ್ ರೋಡಿನ ಒಬ್ಬ ಗಿರಾಕಿಗೆ ಸ್ಯಾಂಪಲ್ ಡಬ್ಬಿ ಮುಟ್ಟಿಸಿ ಬರುವಾಗ, ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಕೆಳಗಿನ ರಸ್ತೆಯದೊಂದು ಫೋಟೋ ತೆಗೆದೆ. ಟ್ಯಾಕ್ಸಿಗಳು, ಬಾಳೆಹಣ್ಣಿನ ಗಾಡಿ, ಅಂಗಡಿ ಸಾಲು, ಜನ. ಮೂರು ದಿನದ ಮೇಲೆ, ಭಾನುವಾರ ಊಟವಾಗಿ ಕಾಲು ಚಾಚಿ ಮಲಗಿದ್ದಾಗ, ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದೆ. ಬಾಳೆಹಣ್ಣು ದಾಟಿದೆ. ಟ್ಯಾಕ್ಸಿ ದಾಟಿದೆ. ಹಸಿರು ಇಳಕಲ್ಲ ಸೀರೆಯೊಂದು ಬಂತು.

ಮುಂಬಯಿಯಲ್ಲಿ ಹಸಿರು ಇಳಕಲ್ಲ ಸೀರೆ ಉಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಿಡಿಕೆಗೆ ಕೆಂಪು ಸುತಳಿ ಸುತ್ತಿದ ನಮ್ಮ ಕರಿ ಛತ್ರಿ ಹಿಡಿದು ನಡೆಯುವವರು ಒಬ್ಬರೇ. ಅವಳು ನನ್ನ ಹೆಂಡತಿ!

ಗುರುವಾರ ಮಧ್ಯಾಹ್ನ ಸುಮಿತ್ರಾ ಭಜನಾ ಮಂಡಳಿಗೆ ಹೋಗುತ್ತಾಳೆ. ಭಜನಾ ಮಂಡಳಿ ನಮ್ಮ ಕಾಲನಿಯ ಹಿಂದಿನ ಬಿಲ್ಡಿಂಗಿನಲ್ಲಿದೆ. ಗ್ರಾಂಟ್ ರೋಡಿನಲ್ಲಿಲ್ಲ.

ಬೆರಳು ಜಾರಿತು. ಜಾರಿದ ಬೆರಳಿಗೆ ಫೋಟೋ ಸ್ವಲ್ಪ ಪಕ್ಕಕ್ಕೆ ಸರಿಯಿತು. ಅಲ್ಲಿ ಅವನಿದ್ದ. ಅವಳಿಂದ ಒಂದು ಮೊಳ ದೂರದಲ್ಲಿ, ನೀಲಿ ಸೂಟು, ಕೆಂಪು ಟೈ, ಬೆಳ್ಳನೆಯ ಮುಖ. ಅವಳ ಕಡೆಗೇ ನೋಡುತ್ತ ನಿಂತಿದ್ದ. ನಗುತ್ತಿದ್ದ.

ಇನ್ನಷ್ಟು ಹಿಗ್ಗಿಸಲು ಹೋದೆ. ಮುಖವೆಲ್ಲ ಚೌಕಾಬಾರಾದ ಮನೆಯ ಹಾಗೆ ಚೌಕ ಚೌಕವಾಯಿತು. ಅನಘಾಳನ್ನು ಕರೆದು, “ಇದನ್ನ ಇನ್ನೂ ದೊಡ್ಡದು ಮಾಡೂದು ಹೆಂಗ?” ಎಂದು ಕೇಳಿದೆ. ಹೆಂಗಸಿನ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿದ್ದೆ.

“ಪಪ್ಪಾ, ಇತನಾ ಝೂಮ್ ಮತ್ ಕರೋ. ಅದು... ಕ್ಯಾ ಬೋಲ್ತೇ ಹೈ... ಒಡದ ಹೋಗ್ತದ,” ಎಂದಳು.

ಒಡೆದು ಹೋಗುತ್ತದೆ! ಮಗಳ ಬಾಯಲ್ಲಿ ಕನ್ನಡ ಬರುವುದೇ ಅಪರೂಪ. ಬಂದರೆ ಇಂಥ ಮಾತು.

ಸಂಜೆ ಚಹಾ ಕುಡಿಯುತ್ತ, ಸಹಜವಾಗಿ ಎಂಬಂತೆ ಕೇಳಿದೆ: “ಗುರುವಾರ ಭಜನಿಯೊಳಗ ಏನ ಹಾಡಿದ್ರಿ?”

ಇಷ್ಟು ವರ್ಷ ಕೇಳದ ಪ್ರಶ್ನೆ. ಅವಳು ನನ್ನ ಮುಖ ನೋಡಿದಳು. “ಹೋದ ವಾರದ್ದ,” ಎಂದಳು.

“ಹೋದ ವಾರ ಏನ ಹಾಡಿದ್ರಿ?”

“ಅದರ ಹಿಂದಿನ ವಾರದ್ದ. ಯಾಕ್ರೀ, ತಾಳ ಹಾಕ್ಲಿಕ್ಕೆ ಬರಾವ್ರೇನು?”

ಉತ್ತರ ತಪ್ಪಿಸುವವರು ಪ್ರಶ್ನೆ ಕೇಳುತ್ತಾರೆ. ಇದು ಅಪರಾಧಶಾಸ್ತ್ರ.

ಅಂದಿನಿಂದ ನನ್ನ ಗ್ಯಾಲರಿ ನನಗೆ ಸಾಕ್ಷಿಗಳ ಕಡತವಾಯಿತು. ಹಳೆಯ ಫೋಟೋಗಳನ್ನೆಲ್ಲ ವಾರದ ಪ್ರಕಾರ ವಿಂಗಡಿಸಿದೆ. ಭಯಂಕರವಾದ ಸಂಗತಿ ಹೊರಬಿತ್ತು. ಗುರುವಾರದ ರಾತ್ರಿ ಊಟದ ಫೋಟೋಗಳಲ್ಲಿ ನನ್ನ ತಟ್ಟೆಯ ಹಿಂದೆ ಅವಳ ತಟ್ಟೆಯೂ ಅರ್ಧ ಕಾಣುತ್ತದೆ. ಪ್ರತಿ ಗುರುವಾರವೂ ಅದರಲ್ಲಿ ಬರೀ ಒಂದು ಹಿಡಿ ಅನ್ನ. ಎರಡು ತಿಂಗಳಿಂದ! ಪ್ರೇಮದಲ್ಲಿ ಬಿದ್ದವರಿಗೆ ಹಸಿವೆ ಆಗುವುದಿಲ್ಲವೆಂದು ಎಲ್ಲೋ ಓದಿದ್ದೆ. ಆದರೆ ಸುಮಿತ್ರಾ ಬಡವಾಗಿರಲಿಲ್ಲ. ಸ್ವಲ್ಪ ಮೈ ತುಂಬಿಕೊಂಡಂತೆಯೇ ಕಾಣುತ್ತಿದ್ದಳು. ಅದು ಸಂತೋಷದಿಂದ ಇರಬೇಕು ಎಂದುಕೊಂಡಾಗ ನನ್ನ ಊಟವೂ ಸೇರದಾಯಿತು. ಫೋಟೋ ಮಾತ್ರ ತೆಗೆದೆ.

ಮರುದಿನ ಆಫೀಸಿನಲ್ಲಿ ಭಂಡಾರಿಯವರಿಗೆ ಫೋಟೋ ತೋರಿಸಿದೆ. ಭಂಡಾರಿಯವರು ಕುಂದಾಪುರದ ಕಡೆಯವರು, ನನ್ನ ಪಕ್ಕದ ಮೇಜು. “ಇದು ನನ್ನ ಗೆಳೆಯನೊಬ್ಬನ ಸಂಸಾರದ ವಿಷಯ,” ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. “ಇವ ಯಾರೋ ದೊಡ್ಡ ಕುಳವೇ ಮಾರಾಯ್ರೆ. ಈ ಸೆಕೆಯಲ್ಲಿ ಕೋಟು ಟೈ! ಮುಖದಲ್ಲಿ ಒಂದು ತೊಟ್ಟು ಬೆವರಿಲ್ಲ ಕಾಣಿ. ನಿಂತದ್ದು ಕಾಣಿ, ಅಲ್ಲಾಡುವ ಗಿರಾಕಿಯೇ ಅಲ್ಲ.”

“ಹಂಗಾದ್ರ?”

“ನಿಮ್ಮ ದೋಸ್ತಿಗೆ ಕಷ್ಟ ಉಂಟು. ಆದ್ರೂ ಹೆಂಡ್ತಿ ಹತ್ರ ಸೀದಾ ಕೇಳಿ ಬಿಡುದು ಒಳ್ಳೇದು. ನಿಮ್ಮದೇ ಹೆಂಡ್ತಿ ಅಲ್ವಾ?”

“ದೋಸ್ತನ ಹೆಂಡ್ತಿ!”

“ಅದೇ, ದೋಸ್ತನದ್ದು,” ಎಂದು ಅವರು ನನ್ನ ಭುಜ ತಟ್ಟಿದರು. ಆ ತಟ್ಟುವಿಕೆಯಲ್ಲಿ ಇದ್ದ ಕನಿಕರವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸೀದಾ ಕೇಳಬಹುದಿತ್ತು. ಆದರೆ ಸಾಕ್ಷಿ ಇಲ್ಲದೆ ಕೇಳಿ, ಅವಳು “ಹೌದು” ಎಂದುಬಿಟ್ಟರೆ? ಆ ಒಂದು ಶಬ್ದಕ್ಕೆ ನಾನು ಹೆದರಿದೆ. ಆದ್ದರಿಂದ ಮುಂದಿನ ಗುರುವಾರ ರಜೆ ಹಾಕಿದೆ. ಎಂದಿನಂತೆ ಡಬ್ಬಿ ಹಿಡಿದು ಮನೆ ಬಿಟ್ಟು, ಚೆಂಬೂರ್ ಸ್ಟೇಷನ್ನಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾಲ ಕಳೆದೆ. ಆಮೇಲೆ ಅನಘಾಳ ಕ್ರಿಕೆಟ್ ಟೋಪಿ, ಕರಿ ಮಾಸ್ಕು, ತಂಪು ಕನ್ನಡಕ ಹಾಕಿಕೊಂಡು ನಮ್ಮ ಬಿಲ್ಡಿಂಗಿನ ಎದುರಿನ ಇಸ್ತ್ರಿ ಅಂಗಡಿಯ ಹಿಂದೆ ಅಡಗಿದೆ. ಯಾರಿಗೂ ಗುರುತು ಸಿಗುವಂತಿರಲಿಲ್ಲ.

“ಸಾಹಬ್, ಆಪ್ ಕೀ ಪ್ಯಾಂಟ್ ಶಾಮ್ ಕೋ ಮಿಲೇಗೀ,” ಎಂದ ಇಸ್ತ್ರಿಯವನು. ಸಾಹೇಬರ ಪ್ಯಾಂಟು ಸಂಜೆ ಸಿಗುತ್ತದಂತೆ.

ಎರಡೂವರೆಗೆ ಸುಮಿತ್ರಾ ಅದೇ ಹಸಿರು ಸೀರೆಯಲ್ಲಿ ಇಳಿದು ಬಂದಳು. ಭಜನಾ ಮಂಡಳಿ ಎಡಕ್ಕೆ. ಅವಳು ಬಲಕ್ಕೆ ತಿರುಗಿದಳು. ನಾನು ಕರ್ತವ್ಯ ಮರೆಯಲಿಲ್ಲ. ಫೋಟೋ ತೆಗೆದೆ.

ಚೆಂಬೂರಿನಲ್ಲಿ ಅವಳು ಲೇಡೀಸ್ ಡಬ್ಬಿ ಹತ್ತಿದಳು, ನಾನು ಪಕ್ಕದ ಡಬ್ಬಿ. ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸಿದಳು. ಫೋಟೋ. ದಾದರಿನಲ್ಲಿ ಇಳಿದಳು. ಫೋಟೋ. ವೆಸ್ಟರ್ನ್ ಲೈನಿನ ಸೇತುವೆ ಹತ್ತಿದಳು. ಮೆಟ್ಟಿಲ ಮೇಲೆ ಜನ ಒತ್ತುತ್ತಿದ್ದರು. ಸ್ವಲ್ಪ ಕತ್ತಲೆ ಇತ್ತು. ಕೈ ಎತ್ತಿ ಇನ್ನೊಂದು ತೆಗೆದೆ. ಕತ್ತಲೆಯಾದ್ದರಿಂದ ಮೂರು ಕಣ್ಣಿನ ಆ ಫೋನು ತಾನಾಗಿಯೇ ಬೆಳಕು ಬಿಟ್ಟಿತು. ಫಳ್!

ಸೇತುವೆಯ ಮೇಲಿದ್ದ ಅಷ್ಟೂ ಹೆಂಗಸರು ತಿರುಗಿದರು. ಒಬ್ಬಳನ್ನು ಬಿಟ್ಟು. ನನ್ನವಳು ಆಚೆ ಇಳಿದು ಹೋಗಿದ್ದಳು.

“ಓ ಕಾಕಾ! ಫೋಟೋ ಕಶಾಲಾ ಕಾಢತೋಸ್?” ಫೋಟೋ ಯಾಕೆ ತೆಗೆಯುತ್ತೀ ಎಂದು ಗದರಿಸುತ್ತ, ಹೂವಿನ ಬುಟ್ಟಿ ಹೊತ್ತ ಮರಾಠಿ ಮೌಶಿಯೊಬ್ಬಳು ನನ್ನ ತೋಳು ಹಿಡಿದಳು. ಬುಟ್ಟಿ ತಲೆಯ ಮೇಲಿದ್ದಂತೆಯೇ, ಒಂದೇ ಕೈಯಲ್ಲಿ. ಆ ಹಿಡಿತ ನೆನೆದರೆ ತೋಳು ಈಗಲೂ ಜುಮ್ಮೆನ್ನುತ್ತದೆ.

“ಮೇರೀ ಬೀವೀ ಹೈ!” ಎಂದೆ.

“ಕುಠೇ?” ಎಂದು ಕೇಳಿದಳು ಮೌಶಿ. ಎಲ್ಲಿದ್ದಾಳೆ? ಅದನ್ನೇ ನಾನೂ ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೆ.

ಐದು ನಿಮಿಷದಲ್ಲಿ ನಾನು ಪ್ಲಾಟ್‌ಫಾರ್ಮಿನ ಪೊಲೀಸ್ ಚೌಕಿಯ ಸ್ಟೂಲಿನ ಮೇಲಿದ್ದೆ. ಎದುರಿಗೆ ಮಹಿಳಾ ಪೊಲೀಸಿನವರೊಬ್ಬರು, ಶಾಂತ ಮುಖದವರು. ಮೌಶಿ ಬಾಗಿಲಲ್ಲೇ ಬುಟ್ಟಿ ಇಳಿಸಿ ಸಾಕ್ಷಿಯಾಗಿ ಕೂತಳು. ಮಾಸ್ಕು ಕನ್ನಡಕದಲ್ಲಿದ್ದ ನನ್ನನ್ನು ನಾನೇ ಅಲ್ಲಿನ ಕನ್ನಡಿಯಲ್ಲಿ ನೋಡಿದೆ. ನಾನಾಗಿದ್ದರೂ ಇಂಥವನನ್ನು ಹಿಡಿಸುತ್ತಿದ್ದೆ.

ಪೊಲೀಸಿನವರು ನನ್ನ ಫೋನು ತೆಗೆದುಕೊಂಡು ಒಂದೊಂದೇ ಫೋಟೋ ಸರಿಸಿದರು. ಹಸಿರು ಸೀರೆಯ ಬೆನ್ನು. ಹಸಿರು ಸೀರೆಯ ಬೆನ್ನು. ಬೆನ್ನು. ಜಡೆ. ಬೆನ್ನು.

“ಹೆಂಡತಿಯ ಫೋಟೋವನ್ನು ಹಿಂದಿನಿಂದ ಯಾರು ತೆಗೆಯುತ್ತಾರೆ?” ಎಂದು ಹಿಂದಿಯಲ್ಲಿ ಕೇಳಿದರು. “ಮುಂದಿನಿಂದ ತೆಗೆದದ್ದು ಒಂದು ತೋರಿಸಿ, ಬಿಡುತ್ತೇನೆ.”

ಇಷ್ಟೇ ತಾನೇ! ನಾನು ಗೆಲುವಿನಿಂದ ಗ್ಯಾಲರಿ ತಡಕಿದೆ. ಹಾಲಿನ ಪಾಕೀಟು. ಕಾಗೆ. ರೊಟ್ಟಿ. ಸೂರ್ಯೋದಯ. ರೊಟ್ಟಿ ಬಡಿಸುವ ಕೈ. ಚಹಾ ಕೊಡುವ ಕೈ, ಬಳೆ ಸಮೇತ. ಅಲಿಬಾಗಿನ ಅಲೆ, ಅದರ ಅಂಚಿನಲ್ಲಿ ಅರ್ಧ ಭುಜ. ಕಾಗೆ. ಎಡದ ಚಪ್ಪಲಿ. ಇನ್ನೂ ಹಿಂದಕ್ಕೆ ಹೋದೆ, ಫೋನು ಬಂದ ಮೊದಲ ದಿನದವರೆಗೆ. ಸಾವಿರಾರು ಫೋಟೋ. ಸುಮಿತ್ರಾಳ ಮುಖ ಒಂದರಲ್ಲೂ ಇರಲಿಲ್ಲ.

ಮತ್ತೊಮ್ಮೆ ಮೊದಲಿನಿಂದ ಹುಡುಕಿದೆ. ಈ ಸಲ ಪೊಲೀಸರ ಭಯಕ್ಕಲ್ಲ.

“ಫೋನ್ ಲಗಾವೋ,” ಎಂದರು ಅವರು. ಸ್ಪೀಕರ್ ಹಾಕಿ ಸುಮಿತ್ರಾಳಿಗೆ ಫೋನು ಮಾಡಿದೆ. ಅವಳು ಎತ್ತಿದಳು. “ಹೇಳ್ರೀ. ಲಗೂನ ಹೇಳ್ರಿ, ಭಜನಿಯೊಳಗ ಇದ್ದೇನಿ.” ಅವಳ ಮಾತಿನ ಹಿಂದೆ, ಚರ್ಚ್‌ಗೇಟಿಗೆ ಹೋಗುವ ಸ್ಲೋ ಲೋಕಲ್ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಒಂದು ಹೆಣ್ಣು ದನಿ ಮರಾಠಿಯಲ್ಲಿ ಭಜಿಸುತ್ತಿತ್ತು.

ಕನ್ನಡ ತಿಳಿಯದಿದ್ದರೂ ‘ಭಜನಿ’ ಎಂಬುದು ಎಲ್ಲರಿಗೂ ತಿಳಿಯಿತು. ಮೌಶಿ ಮೊದಲ ಸಲ ನನ್ನನ್ನು ಕನಿಕರದಿಂದ ನೋಡಿದಳು. ತೋಳು ಒತ್ತಿಕೊಳ್ಳುತ್ತಿದ್ದ ನನಗೆ ಒಂದು ಮೊಲ್ಲೆ ಹೂವು ಕೊಟ್ಟಳು. ಯಾಕೆ ಕೊಟ್ಟಳೋ!

ಪೊಲೀಸಿನವರು ಫೋನು ಇಸಿದುಕೊಂಡು ಕರೆಸಿದ ಮೇಲೆ ಸುಮಿತ್ರಾ ಚೌಕಿಗೆ ಬಂದಳು. ಬಾಗಿಲಲ್ಲಿ ನಿಂತಳು.

“ಇವರು ನಿಮ್ಮ ಗಂಡನೇ?” ಎಂದು ಪೊಲೀಸಿನವರು ಕೇಳಿದರು.

ಅವಳು ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು. ದಾದರಿನಲ್ಲಿ ಮೂರು ಲೋಕಲ್ ಬಂದು ಹೋದವು.

“ಮಾಸ್ಕ್ ತಗೀರಿ. ನೋಡಿ ಹೇಳ್ತೇನಿ.”

ತೆಗೆದೆ. “ಹೌದ್ರಿ, ನಮ್ಮವರ,” ಎಂದು ನಿಟ್ಟುಸಿರು ಬಿಟ್ಟಳು. ಇಷ್ಟು ನಿರುತ್ಸಾಹದಿಂದ ಯಾರೂ ಯಾರನ್ನೂ ಗುರುತಿಸಿರಲಾರರು.

ಗುರುತು ಹತ್ತಿದ್ದೇ ತಡ, ನನ್ನ ಧೈರ್ಯ ಮರಳಿತು. ಎದ್ದು ನಿಂತು ಗ್ರಾಂಟ್ ರೋಡಿನ ಫೋಟೋ ತೋರಿಸಿದೆ. “ಭಜನಿ ಎಲ್ಲಿ ನಡೀತದ? ಗ್ರಾಂಟ್ ರೋಡಿನ್ಯಾಗೇನು? ಪ್ರತೀ ಗುರುವಾರ ಎಲ್ಲಿಗೆ ಹೋಗ್ತಿ ನೀ?”

“ದ್ವಾಸಿ ತಿನ್ಲಿಕ್ಕೆ,” ಎಂದಳು ಸುಮಿತ್ರಾ.

“ಏನು?”

“ದ್ವಾಸಿ. ಬಿಸಿ ದ್ವಾಸಿ. ಮಂಡಳಿಯ ಪೇಟಿ ಬಾರ್ಸೋ ಬಾಯಿ ಪುಣೇಕ್ಕ ಹೋಗಿ ಎರಡ ತಿಂಗಳಾತು, ಭಜನಿ ಬಂದ್ ಬಿದ್ದದ. ನೀವು ಈ ಫೋನ್ ತಗೊಂಡ ಮ್ಯಾಲೆ ನಾ ಒಂದ ತುತ್ತು ಬಿಸೀದು ತಿಂದಿಲ್ಲ. ಗರಿ ಗರಿ ಇದ್ದದ್ದು ನೀವು ಕುರ್ಚಿ ಮ್ಯಾಲಿಂದ ಇಳಿಯೂದ್ರಾಗ ತೊಗಲಾಗಿರ್ತದ. ಅದಕ್ಕ ವಾರಕ್ಕೊಮ್ಮೆ ಒಬ್ಬಾಕಿನ ಹೋಗಿ, ಹೊಗಿ ಆಡೂ ದ್ವಾಸಿ ತಿಂದು ಬರ್ತೇನಿ. ತಪ್ಪೇನು?”

“ಚೆಂಬೂರಿನ್ಯಾಗ ದ್ವಾಸಿ ಸಿಗೂದಿಲ್ಲೇನು?”

“ಸಿಗ್ತದ. ಹೋದ್ನೆಪಾ ಒಂದ ಸಲ. ಗಲ್ಲೇದ ಮ್ಯಾಲೆ ಕೂತವ್ರು, ‘ಸಾಹೇಬ್ರು ಬರಲಿಲ್ಲೇನ್ರಿ, ಫೋಟೋ ಯಾರು ತೆಗೀತಾರ?’ ಅಂದ್ರು. ಚೆಂಬೂರಿನ ಒಂದ್ ಹೋಟೆಲ್ ಬಿಟ್ಟೀರೇನು ನೀವು?”

“ಹೇಳಬೇಕಿಲ್ಲೋ ನನಗ!”

“ಹೇಳಿದ್ರ ನೀವೂ ಬರ್ತಿದ್ರಿ. ನೀವು ಬಂದ್ರ ಅದೂ ಬರ್ತಿತ್ತು,” ಎಂದು ಮೇಜಿನ ಮೇಲಿದ್ದ ಫೋನಿಗೆ ಕೈ ತೋರಿಸಿದಳು.

ಪೊಲೀಸಿನವರು ಏನೆಂದು ಕೇಳಿದರು. ಸುಮಿತ್ರಾ ಎಲ್ಲವನ್ನೂ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ಕನ್ನಡದಲ್ಲಿ ಅವಮಾನವಾಗಿ ಮುಗಿದಿತ್ತು; ಈಗ ರಾಷ್ಟ್ರಮಟ್ಟದಲ್ಲಾಯಿತು. ಮೌಶಿ ಹಣೆ ಚಚ್ಚಿಕೊಂಡಳು. ನನಗೆ ಕೊಟ್ಟ ಮೊಲ್ಲೆ ಹೂವನ್ನು ನನ್ನ ಕೈಯಿಂದಲೇ ತೆಗೆದುಕೊಂಡು, ಅದಕ್ಕೆ ಒಂದು ಮೊಳ ಮಾಲೆ ಸೇರಿಸಿ ಸುಮಿತ್ರಾಳ ಜಡೆಗೆ ಮುಡಿಸಿದಳು. ಪೊಲೀಸಿನವರು ನಗಲಿಲ್ಲ. ಸೇತುವೆಯ ಮೇಲೆ ತೆಗೆದ ಎಲ್ಲ ಫೋಟೋಗಳನ್ನೂ ನನ್ನ ಕೈಯಿಂದಲೇ ಅಳಿಸಿಹಾಕಿಸಿದರು. ಹೆಂಡತಿಯೇ ಆಗಿದ್ದರೂ ಕೇಳದೆ ತೆಗೆಯಬಾರದು, ಆ ಮೆಟ್ಟಿಲ ಮೇಲೆ ಬೇರೆ ಹೆಂಗಸರೂ ಇದ್ದರು ಎಂದು ನಿಧಾನವಾಗಿ ಹೇಳಿದರು. ತಲೆ ತಗ್ಗಿಸಿ ಹೌದೆಂದೆ. ಮೌಶಿಗೂ ಕೈಮುಗಿದೆ.

“ನಡೀರಿ. ನಾಲ್ಕರ ಮ್ಯಾಲೆ ಅಲ್ಲೆ ಗದ್ದಲಾಗ್ತದ,” ಎಂದು ಸುಮಿತ್ರಾ ಹೊರಟಳು. ಹಿಂದೆ ನಾನು. ಈ ಸಲ ಅವಳ ಅಪ್ಪಣೆಯ ಮೇರೆಗೆ.

ಗ್ರಾಂಟ್ ರೋಡಿನಲ್ಲಿ ಇಳಿದು ಸೇತುವೆ ದಾಟುವಾಗಲೂ ನನ್ನೊಳಗೆ ಒಂದು ಮುಳ್ಳು ಉಳಿದಿತ್ತು. ತಡೆಯದೆ ಕೇಳಿಯೇಬಿಟ್ಟೆ. “ದ್ವಾಸಿ ಸರಿ. ಆ ಸೂಟಿನಾವ ಯಾರು?”

“ಯಾವ ಸೂಟಿನಾವ?”

ತೋರಿಸಿದೆ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. ರಸ್ತೆಯಲ್ಲಿ ಸ್ವಲ್ಪ ದೂರ ನಡೆದು ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ಮುಂದೆ ನಿಂತಳು. ನೀಲಿ ಸೂಟಿನವನು ಅಲ್ಲೇ ಇದ್ದ. ಕೆಂಪು ಟೈ, ಬೆಳ್ಳನೆಯ ಮುಖ, ಅದೇ ನಗು. ಬೀಳದಿರಲೆಂದು ಅವನ ಸೊಂಟಕ್ಕೆ ಹಗ್ಗ ಹಾಕಿ ಶಟರಿಗೆ ಕಟ್ಟಿದ್ದರು. ಎಡಗೈಯಲ್ಲಿ ಎರಡು ಬೆರಳು ಮುರಿದು ಪ್ಲಾಸ್ಟಿಕ್ಕು ಕಾಣುತ್ತಿತ್ತು.

“ಮಾತಾಡ್ಸ್ರಿ,” ಎಂದಳು ಸುಮಿತ್ರಾ.

ನಾಲ್ಕು ದಿನ ನಿದ್ದೆಗೆಟ್ಟು ದ್ವೇಷಿಸಿದ ಮನುಷ್ಯನ ಮುಂದೆ ನಾನು ನಿಂತೆ. ಅವನು ನನ್ನ ಕಡೆಗೂ ಅಷ್ಟೇ ಪ್ರೀತಿಯಿಂದ ನಗುತ್ತಿದ್ದ.

ಹೋಟೆಲಿನಲ್ಲಿ ಸುಮಿತ್ರಾಳಿಗೆ ಫ್ಯಾನಿನ ಕೆಳಗೆ ಒಂದು ಖಾಯಂ ಜಾಗವಿತ್ತು. ಒಬ್ಬರೇ ಕೂರುವಂಥದ್ದು. “ಬನ್ನಿ ಅಮ್ಮ, ಇವತ್ತು ಲೇಟಾಯ್ತು?” ಎಂದು ವೇಟರು ಮೇಜು ಒರೆಸಿದ. ನನ್ನನ್ನು ನೋಡಿ, “ಇವರು?” ಎಂದ.

“ನಮ್ಮ ಮನಿಯವರು. ಅಲ್ಲೆಲ್ಲ್ಯಾರ ಕೂಡಿಸ್ರಿ.”

ನನ್ನನ್ನು ಕೈತೊಳೆಯುವ ಜಾಗದ ಪಕ್ಕದ ಮೇಜಿಗೆ ಕೂಡಿಸಿದರು. ಸುಮಿತ್ರಾಳ ದೋಸೆ ಬಂತು, ಹೊಗೆಯಾಡುತ್ತ. ಅವಳು ತುದಿ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮುಖದಲ್ಲಿ ಒಂದು ನೆಮ್ಮದಿ. ಆ ಮುಖವನ್ನು ಅಷ್ಟು ಹೊತ್ತು ನಾನು ಬರಿಗಣ್ಣಿನಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು. ನೋಡುತ್ತಲೇ ಇದ್ದೆ.

ಆಗ ನನ್ನ ಎದುರಿನ ಮೇಜಿನಿಂದ ಯಾರೋ ಕರೆದರು. ನನ್ನದೇ ವಯಸ್ಸಿನ ಗೃಹಸ್ಥರು. ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು ತಮ್ಮ ಇಡ್ಲಿ ತಟ್ಟೆಗೆ ಗುರಿ ಇಟ್ಟಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಚಮಚ ಹಿಡಿದು, ಆರುತ್ತಿದ್ದ ಸಾಂಬಾರು ನೋಡುತ್ತ ಕೂತಿದ್ದರು.

“ಭಾಯ್ ಸಾಬ್, ಆಪ್ ಪೀಛೇ ಆ ರಹೇ ಹೋ,” ಎಂದರು ಅವರು, ಬಹಳ ವಿನಯದಿಂದ. ಅವರ ಇಡ್ಲಿಯ ಹಿಂದೆ ನಾನು ಕಾಣುತ್ತಿದ್ದೆನಂತೆ. “ಫೋಟೋ ಖರಾಬ್ ಹೋ ರಹಾ ಹೈ. ಜರಾ ಝುಕ್ ಜಾಯೇಂಗೇ?”

ಬಗ್ಗಿದೆ.